ಕೂಸುಗಳೊಡನೆ ಪರದೇಶಪ್ರಯಾಣ: ವಿಮಾನದಿಂದ ಇಳಿದ ಮೇಲೆ

ಮಗನೋ ಮಗಳೋ ಲಂಡನ್ನಿನಲ್ಲಿ ನೆಲಸಿರುವ ಮನೆಗಳು ನಮ್ಮ ನಾಡಿನಲ್ಲಿ ಈಗ ಅಪರೂಪವಲ್ಲ. ಬೇಸಗೆಯ ರಜೆಯಲ್ಲಿ ಎಳೆಯ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೊರಡುವ ಸಂಸಾರಗಳೂ ಅನೇಕವುಂಟು. ಇಂಥವರು ಟಿಕೆಟ್ಟು, ವೀಸಾ, ಉಣ್ಣೆಯ ಬಟ್ಟೆ, ಚಟ್ನಿಪುಡಿ ಇವುಗಳ ವಿಚಾರವಾಗಿ ತಿಂಗಳುಗಟ್ಟಲೆ ಯೋಚಿಸುವರು. ವಿಮಾನದಿಂದ ಇಳಿದು ಮನೆ ಸೇರುವವರೆಗಿನ ಹಾದಿಯನ್ನು ಕುರಿತು ಯೋಚಿಸುವವರು ವಿರಳ. ಅಲ್ಲಿ ಯಾವುದಾದರೊಂದು ಮೋಟಾರು ಸಿಕ್ಕೇ ಸಿಕ್ಕುವುದೆಂದು ಸುಮ್ಮನಾಗುವರು. ಮೋಟಾರೇನೋ ಸಿಕ್ಕೀತು; ಅದರಲ್ಲಿ ಮಗುವಿಗೆ ತಕ್ಕ ಆಸನವಿರುವುದೆಂಬ ಭರವಸೆಯಿಲ್ಲ. ಆದಕಾರಣ ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದಿಡುತ್ತೇವೆ.

ಇಂಗ್ಲೆಂಡಿನ ಕಾನೂನಿನಂತೆ ಹನ್ನೆರಡು ವರ್ಷ ತುಂಬುವವರೆಗೆ, ಇಲ್ಲವೆ 135 ಸೆಂಟಿಮೀಟರು ಎತ್ತರ ಬೆಳೆಯುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಮಕ್ಕಳು ಮೋಟಾರಿನಲ್ಲಿ ತಮಗೆ ತಕ್ಕ ಪ್ರತ್ಯೇಕ ಆಸನದಲ್ಲಿಯೇ ಕುಳಿತುಕೊಳ್ಳತಕ್ಕದ್ದು. ಬಾಡಿಗೆಯ ಟ್ಯಾಕ್ಸಿಗೆ ಮಾತ್ರ ವಿನಾಯಿತಿಯುಂಟು. ಚಾಲಕನಲ್ಲಿ ತಕ್ಕ ಆಸನವಿಲ್ಲದಿದ್ದರೆ ಮಗುವನ್ನು ಹಿಂಬದಿಯಲ್ಲಿ ಹಾಗೆಯೇ ಕೂರಿಸಬಹುದು. ಮೂರು ವರ್ಷ ತುಂಬಿದವರಾದರೆ ದೊಡ್ಡವರ ಸೀಟ್ ಬೆಲ್ಟನ್ನೇ ಕಟ್ಟಬೇಕು. ದೇಶದಿಂದ ದೇಶಕ್ಕೆ ಈ ನಿಯಮವು ಬೇರೆಯಾಗುತ್ತದೆ. ಸಿಂಗಪುರದಲ್ಲಿ ಟ್ಯಾಕ್ಸಿಗೆ ವಿನಾಯಿತಿಯಿದೆ. ಮೊಬೈಲಿನಲ್ಲಿ ಕರೆಸಿಕೊಳ್ಳುವ ಖಾಸಗಿ ಬಾಡಿಗೆ ಮೋಟಾರಿಗೆ ಇಲ್ಲ.

ಕಾನೂನು ಬಿಟ್ಟುಕೊಟ್ಟ ಮಾತ್ರಕ್ಕೆ ಅಪಾಯವು ತಪ್ಪಿತೆಂದು ಭಾವಿಸಬಾರದು. ತಾಯಿಯ ತೊಡೆಗಿಂತ ಭದ್ರವಾದ ಸ್ಥಳವಿಲ್ಲವೆಂಬುದು ನಮ್ಮವರ ನಂಬಿಕೆ. ಲೆಕ್ಕವನ್ನು ನೋಡೋಣ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿರುವ ಮೋಟಾರು ಯಾವುದಕ್ಕಾದರೂ ಬಡಿದು ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಂತಿತೆನ್ನೋಣ. ಆಗ 10 ಕಿಲೋ ತೂಕದ ಕೂಸನ್ನು ಹಿಡಿದು ನಿಲ್ಲಿಸಲು ಸುಮಾರು 140 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು. ಎಷ್ಟು ಪ್ರೀತಿಯಿದ್ದರೇನು, ಯಾವ ತಾಯಿಯ ತೋಳಿಗೂ ಅಷ್ಟು ಬಲವಿರದು.

ಇನ್ನೊಂದು ಮಾತು. ಮಗನ ಸ್ನೇಹಿತರು ತಮ್ಮ ಸ್ವಂತ ಮೋಟಾರನ್ನು ತರುವುದಾಗಿ ಹೇಳಿದರೆ ನಮ್ಮವರು ನಿಶ್ಚಿಂತರಾಗುವರು. ಟ್ಯಾಕ್ಸಿಯ ವಿನಾಯಿತಿಯು ಸ್ವಂತ ಮೋಟಾರಿಗೆ ಅನ್ವಯಿಸದು. ಆಸನವನ್ನು ಅವರು ಒದಗಿಸುವರೋ ನಾವು ಒಯ್ಯಬೇಕೋ ಎಂಬುದನ್ನು ಸಂಕೋಚಪಡದೆ ಮುಂಚಿತವಾಗಿಯೇ ಕೇಳಿಬಿಡಬೇಕು. ಒಯ್ಯುವುದಾದರೆ, ಅದರ ಮೇಲೆ ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರದ ಮುದ್ರೆಯಿದೆಯೇ ಎಂದು ನೋಡಿಕೊಳ್ಳುವುದು. ಆ ಮುದ್ರೆಯಿಲ್ಲದ ಆಸನಕ್ಕೆ ಅಲ್ಲಿ ಮಾನ್ಯತೆಯಿಲ್ಲ. ಅನೇಕ ವಿಮಾನ ಕಂಪನಿಗಳು ಮಕ್ಕಳ ಆಸನವನ್ನು ಬೇರೆ ಶುಲ್ಕವಿಲ್ಲದೆ ಒಯ್ಯುತ್ತವೆ. ಟಿಕೆಟ್ಟು ಕೊಳ್ಳುವಾಗಲೇ ವಿಚಾರಿಸುವುದು ಒಳ್ಳೆಯದು. ಅದೇ ಆಸನವು ಹಿಂದಿರುಗಿದಾಗ ದೇವನಹಳ್ಳಿಯಿಂದ ಮನೆಗೆ ಬರುವ ಹಾದಿಯಲ್ಲಿಯೂ ಕೆಲಸಕ್ಕೆ ಬರುವುದು. ಕೂಸನ್ನು ಹಿಮ್ಮುಖವಾಗಿ ಕೂರಿಸುವ ಆಸನವನ್ನು, ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಕೂಡದು.

ಬಾಡಿಗೆ ಮೋಟಾರನ್ನೇ ಗೊತ್ತುಮಾಡುವವರು ಊರು ಬಿಡುವ ಮೊದಲೇ ಗೊತ್ತುಮಾಡತಕ್ಕದ್ದು. ಆಗ ವಿಮಾನದ ಸಂಖ್ಯೆ, ಇಳಿಯುವ ಟರ್ಮಿನಲ್ಲು, ಜನರೆಷ್ಟು, ದೊಡ್ಡ ಪೆಟ್ಟಿಗೆಗಳೆಷ್ಟು, ಒಂದೊಂದು ಮಗುವಿನ ವಯಸ್ಸು, ತೂಕ, ಎತ್ತರ ಇವಿಷ್ಟನ್ನೂ ತಿಳಿಸಬೇಕು. ಹೀತ್ರೋ ನಿಲ್ದಾಣದಲ್ಲಿ 2, 3, 4, 5 ಎಂದು ನಾಲ್ಕು ಟರ್ಮಿನಲ್ಲುಗಳಿರುವುದರಿಂದ ಒಂದರ ಬದಲು ಇನ್ನೊಂದರಲ್ಲಿ ಕಾದು ನಿಲ್ಲುವ ಸಂಭವವುಂಟು. ಪಾಸ್‌ಪೋರ್ಟಿನ ಸಾಲಿನಲ್ಲಿ ತಡವಾದರೆ ಕಾಯುವುದಕ್ಕೆ ಹಣವೆಷ್ಟು ಎಂಬುದನ್ನೂ ಕೇಳಿಕೊಳ್ಳಬೇಕು. ಹೊರಬಾಗಿಲಲ್ಲಿ "ಟ್ಯಾಕ್ಸಿ ಬೇಕೇ?" ಎಂದು ಬೆನ್ನುಹತ್ತುವವರ ಸಹವಾಸವೇ ಬೇಡ, ಅದು ಅಲ್ಲಿ ಕಾನೂನಿಗೆ ವಿರುದ್ಧ. ತುರ್ತಾದರೆ ಸಾಲಿನಲ್ಲಿ ನಿಂತಿರುವ ಬ್ಲ್ಯಾಕ್ ಕ್ಯಾಬನ್ನು ಹಿಡಿಯುವುದು ಲೇಸು. ಮನೆಯ ವಿಳಾಸವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು. ಪರದೇಶದಲ್ಲಿ ಮೊಬೈಲು ಕೈಕೊಡುವುದುಂಟು.

ಆಸನದ ಚಿಂತೆಯೇ ಬೇಡವೆನ್ನುವವರಿಗೆ ರೈಲಿದೆ. 2022ರಲ್ಲಿ ಆರಂಭವಾದ ಎಲಿಜಬೆತ್ ಲೈನ್ ಹೀತ್ರೋದಿಂದ ನಗರದ ನಡುವೆ ಹಾದು ಪೂರ್ವದಿಕ್ಕಿಗೆ ಹೋಗುತ್ತದೆ. ಟಿಕೆಟ್ಟುಳ್ಳ ಹಿರಿಯರೊಡನೆ ಹನ್ನೊಂದು ವರ್ಷದೊಳಗಿನ ನಾಲ್ವರು ಮಕ್ಕಳು ಹಣ ಕೊಡದೆ ಪ್ರಯಾಣಮಾಡಬಹುದು. ಅದರ ನಿಲ್ದಾಣಗಳಲ್ಲಿ ಮೆಟ್ಟಿಲು ಹತ್ತಿಳಿಯದೆ ಮಗುವಿನ ತಳ್ಳುಗಾಡಿಯನ್ನು ಪ್ಲಾಟ್‌ಫಾರಮ್ಮಿನವರೆಗೂ ಒಯ್ಯಬಹುದು. ಸಾಮಾನು ಕಡಮೆಯಿದ್ದು ಮನೆಯು ನಿಲ್ದಾಣಕ್ಕೆ ಸಮೀಪವಾಗಿದ್ದರೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ.

ಬೆಂಗಳೂರಿನಿಂದ ನೇರವಾಗಿ ಹೋದರೂ ಹತ್ತು ಗಂಟೆಯ ಹಾರಾಟ. ಇಳಿದಾಗ ಮಕ್ಕಳು ಅಳುತ್ತಿರುವರು, ಇಲ್ಲವೆ ಹೆಗಲ ಮೇಲೆ ನಿದ್ರಿಸುತ್ತಿರುವರು. ಆ ಹೊತ್ತಿನಲ್ಲಿ ವಿವೇಚಿಸಿ ನಿರ್ಣಯಿಸುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ. ಟಿಕೆಟ್ಟು ಕೊಂಡ ದಿನವೇ ಈ ಏರ್ಪಾಟನ್ನೂ ಮುಗಿಸಿಬಿಡಬೇಕೆಂದು ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ.