ಪರದೇಶದ ಶಿಷ್ಯನಿಗೆ ತೆರೆದ ಬಾಗಿಲು



ಕಳೆದ ತಿಂಗಳು ಪರಿಚಿತ ಮನೆತನದ ತಾಯಿಯೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಅವರ ಮಗ ಉನ್ನತ ವ್ಯಾಸಂಗಕ್ಕೆಂದು ಅಮೆರಿಕೆಗೆ ತೆರಳಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅಲ್ಲಿಯ ಚಳಿ, ಊಟ, ಖರ್ಚುವೆಚ್ಚದ ಮಾತುಗಳೆಲ್ಲ ಮುಗಿದ ಮೇಲೆ ಆ ತಾಯಿ, "ಗುರುಗಳೇ, ಎಲ್ಲಾ ಸರಿ. ಆದ್ರ ಅಲ್ಲಿ ಅವಗ ನಮ್ಮವರು ಅನ್ನೋರು ಯಾರದಾರ್ರೀ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಉತ್ತರವಾಗಿ ನಾವು ಅವರಿಗೆ ಒಬ್ಬ ಗುರುವಿನ ಕಥೆಯನ್ನು ಹೇಳಿದೆವು. ಅದನ್ನೇ ಈ ಸಲ ತಮ್ಮ ಮುಂದಿಡುತ್ತಿದ್ದೇವೆ.

ಎಡ್ವಿನ್ ಸೆಲಿಗ್ಮನ್ನರು 1861ರಲ್ಲಿ ನ್ಯೂಯಾರ್ಕ್ ನಗರದ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ತಂದೆ ಜೋಸೆಫ್ ಸೆಲಿಗ್ಮನ್ನರು ಹೆಸರಾಂತ ಬ್ಯಾಂಕಿನ ಒಡೆಯರು. ಅಂತರ್ಯುದ್ಧದ ಕಾಲದಲ್ಲಿ ಸರ್ಕಾರದ ಸಾಲಪತ್ರಗಳನ್ನು ಮಾರಿಕೊಟ್ಟು ದೇಶಕ್ಕೆ ನೆರವಾದವರು. ಇಂಥವರು 1877ರ ಬೇಸಿಗೆಯಲ್ಲಿ ಸರಟೋಗಾ ಎಂಬ ವಿಹಾರಸ್ಥಳದ ದೊಡ್ಡ ಹೋಟೆಲೊಂದಕ್ಕೆ ಹೋದಾಗ, ಯಹೂದಿಗಳಿಗೆ ಇಲ್ಲಿ ಎಡೆಯಿಲ್ಲವೆಂದು ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ಆಗ ಎಡ್ವಿನ್ನರಿಗೆ 16 ವರ್ಷ. ಸಂಪತ್ತು, ಕೀರ್ತಿ, ದೇಶಸೇವೆ ಎಲ್ಲವೂ ಇದ್ದಾಗಲೂ ಹುಟ್ಟಿನ ಕಾರಣದಿಂದ ಬಾಗಿಲು ಮುಚ್ಚಬಹುದೆಂಬುದು ಆ ಮನೆಯವರಿಗೆ ಅನುಭವದಿಂದಲೇ ತಿಳಿಯಿತು.

1879ರಲ್ಲಿ ಕೊಲಂಬಿಯಾದಲ್ಲಿ ಪದವಿ ಪಡೆದ ಎಡ್ವಿನ್ನರು ಬರ್ಲಿನ್, ಹೈಡಲ್‌ಬರ್ಗ್, ಜಿನೀವಾ, ಪ್ಯಾರಿಸ್ ನಗರಗಳಲ್ಲಿ ಮೂರು ವರ್ಷ ಓದಿದರು. ಅಂದರೆ ಅವರೂ ಒಂದು ಕಾಲಕ್ಕೆ ಪರದೇಶದ ವಿದ್ಯಾರ್ಥಿಯೇ. ಬಳಿಕ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿಯೇ ಅರ್ಥಶಾಸ್ತ್ರದ ಅಧ್ಯಾಪಕರಾಗಿ 1931ರವರೆಗೆ ಸೇವೆ ಸಲ್ಲಿಸಿದರು. ಹೆಚ್ಚು ಗಳಿಸುವವನು ಹೆಚ್ಚಿನ ಪ್ರಮಾಣದಲ್ಲಿ ತೆರಿಗೆ ಕೊಡಬೇಕೆಂಬ ತತ್ತ್ವದ ಪ್ರತಿಪಾದಕರಲ್ಲಿ ಅವರು ಪ್ರಮುಖರು. ನಗರಗಳಲ್ಲಿ ನೆಲೆಸಿದ ಕಪ್ಪು ಜನರ ಏಳಿಗೆಗಾಗಿ ಸ್ಥಾಪಿತವಾಗಿ ಮುಂದೆ ನ್ಯಾಷನಲ್ ಅರ್ಬನ್ ಲೀಗ್ ಎಂದು ಹೆಸರಾದ ಸಂಸ್ಥೆಗೆ, ಅದರ ಆರಂಭದ ವರ್ಷಗಳಲ್ಲಿ, ಅಧ್ಯಕ್ಷರೂ ಆಗಿದ್ದರು.

1913ರಲ್ಲಿ ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಪಡೆದು 22ರ ಹರೆಯದ ಭಾರತೀಯ ತರುಣನೊಬ್ಬನು ಈ ಗುರುವಿನ ಬಳಿಗೆ ಬಂದನು. ತನ್ನ ನಾಡಿನ ಶಾಲೆಯಲ್ಲಿ ನೀರಿನ ಪಾತ್ರೆಯನ್ನು ಮುಟ್ಟಲು ಅವನಿಗೆ ಅಪ್ಪಣೆಯಿರಲಿಲ್ಲ. ಅವರೇ ಡಾ. ಭೀಮರಾವ್ ಅಂಬೇಡ್ಕರರು. ಎಲ್ಲರೊಡನೆ ಕುಳಿತು ಓದುವ, ಎಲ್ಲರೊಡನೆ ಉಣ್ಣುವ ಸಮಾನತೆಯನ್ನು ಅವರು ಕಂಡುಂಡದ್ದು ಆ ವಿದ್ಯಾಲಯದಲ್ಲಿ. ಸಂಶೋಧನೆಗೆ ಯಾವ ಪದ್ಧತಿಯನ್ನು ಅನುಸರಿಸಬೇಕೆಂದು ಶಿಷ್ಯನು ಕೇಳಿದಾಗ, ಶ್ರದ್ಧೆಯಿಂದ ಕೆಲಸ ಮಾಡುತ್ತ ಹೋಗು, ನಿನ್ನ ಪದ್ಧತಿ ನಿನಗೇ ರೂಪುಗೊಳ್ಳುತ್ತದೆ ಎಂಬರ್ಥದ ಮಾತನ್ನು ಸೆಲಿಗ್ಮನ್ನರು ಹೇಳಿದರೆಂದು ಅಂಬೇಡ್ಕರರ ಚರಿತ್ರಕಾರರು ಬರೆದಿದ್ದಾರೆ. ಶಿಷ್ಯನನ್ನು ತನ್ನ ನೆರಳಾಗಿಸದೆ ಅವನ ಕಾಲ ಮೇಲೆ ಅವನೇ ನಿಲ್ಲುವಂತೆ ಮಾಡುವುದು ಗುರುವಿನ ಹಿರಿಯ ಲಕ್ಷಣವಲ್ಲವೇ?

1916ರಲ್ಲಿ ಅಂಬೇಡ್ಕರರು ಲಂಡನ್ನಿಗೆ ತೆರಳಿದರು. ಶಿಷ್ಯನು ದೂರವಾದನೆಂದು ಗುರು ಮರೆಯಲಿಲ್ಲ. ಲಂಡನ್ನಿನ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಫಾಕ್ಸ್‌ವೆಲ್ಲರಿಗೆ ಈ ಶಿಷ್ಯನನ್ನು ಪರಿಚಯಿಸಿ, ಅವನ ವ್ಯಾಸಂಗಕ್ಕೆ ನೆರವಾಗುವಂತೆ ಪತ್ರ ಬರೆದರು. ಪರನಾಡಿನಲ್ಲಿ ಬಂಧುಬಳಗವಿಲ್ಲದ ವಿದ್ಯಾರ್ಥಿಗೆ ಗುರುವಿನ ಒಂದು ಪತ್ರವೆಂದರೆ ಒಂದು ಮನೆತನದ ಬೆಂಬಲವಿದ್ದಂತೆ.

ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಅಂಬೇಡ್ಕರರು ಸ್ವದೇಶಕ್ಕೆ ಮರಳಬೇಕಾಯಿತು. ಮಹಾಯುದ್ಧದ ಕಾಲವದು. ಅವರ ಬರಹಗಳಿದ್ದ ಸಾಮಾನು ಹಡಗಿನೊಡನೆ ಕಡಲ ಪಾಲಾಯಿತು. ಬಡೋದೆಯಲ್ಲಿ ಕೆಲಸಕ್ಕೆ ಸೇರಿದರೆ ತಂಗಲು ಒಂದು ಕೋಣೆ ಸಿಕ್ಕಲಿಲ್ಲ. ಜಾತಿಯನ್ನು ಮರೆಮಾಡಿ ಒಂದು ವಸತಿಗೃಹದಲ್ಲಿ ಇಳಿದುಕೊಂಡಿದ್ದವರನ್ನು ಕೆಲವೇ ದಿನಗಳಲ್ಲಿ ಕೋಲು ಹಿಡಿದು ಬಂದ ಗುಂಪು ಹೊರಹಾಕಿತು. ಇಬ್ಬರು ಸ್ನೇಹಿತರನ್ನು ಆಸರೆ ಕೇಳಿದರು, ಇಬ್ಬರಿಂದಲೂ ದೊರೆಯಲಿಲ್ಲ. ಕೊನೆಗೆ ಊರ ಉದ್ಯಾನದಲ್ಲಿ ಹೊತ್ತು ಕಳೆದು ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಹಿಂದಿರುಗಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಪರದೇಶದಲ್ಲಿ ದೊರೆತ ನೆಲೆ ಸ್ವದೇಶದಲ್ಲಿ ದೊರೆಯಲಿಲ್ಲ!

ಕಳೆದುಹೋದ ಪ್ರಬಂಧದ ಸ್ಥಾನದಲ್ಲಿ ಹೊಸದೊಂದನ್ನು ಬರೆಯಲು ಅಂಬೇಡ್ಕರರಿಗೆ ವರ್ಷಗಳೇ ಹಿಡಿದವು. ಕೊಲಂಬಿಯಾದ ಗುರು ಅಲ್ಲಿಯವರೆಗೂ ಕಾದಿದ್ದರು. ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸನ್ನು ಕುರಿತ ಆ ಗ್ರಂಥವು 1925ರಲ್ಲಿ ಪ್ರಕಟವಾದಾಗ ಅದಕ್ಕೆ ಮುನ್ನುಡಿ ಬರೆದವರು ಸೆಲಿಗ್ಮನ್ನರೇ. 1927ರಲ್ಲಿ ಕೊಲಂಬಿಯಾ ಅದಕ್ಕೆ ಡಾಕ್ಟರೇಟ್ ಪದವಿಯನ್ನಿತ್ತಿತು. ಮುಂದೆ 1930ರಲ್ಲಿ, ತಮ್ಮ ಬದುಕಿನ ಅತ್ಯುತ್ತಮ ಗೆಳೆಯರನ್ನು ನೆನೆಯುವಾಗ, ಅಂಬೇಡ್ಕರರು ಕೊಲಂಬಿಯಾದ ಕೆಲವು ಸಹಪಾಠಿಗಳನ್ನೂ ಗುರುಗಳನ್ನೂ ಹೆಸರಿಸಿದರು. ಜಾನ್ ಡ್ಯೂಯಿಯವರಂತೆ ಸೆಲಿಗ್ಮನ್ನರ ಹೆಸರೂ ಆ ಪಂಕ್ತಿಯಲ್ಲಿದೆ. ಗುರುವನ್ನು ಶಿಷ್ಯನು ಗೆಳೆಯನೆಂದು ಕರೆದನಲ್ಲ, ಅದಕ್ಕಿಂತ ಹಿರಿದಾದ ಗುರುದಕ್ಷಿಣೆ ಯಾವುದು? ಸೆಲಿಗ್ಮನ್ನರು 1939ರಲ್ಲಿ ಕಾಲವಾದರು. ಅವರ ಶಿಷ್ಯನು ಸ್ವತಂತ್ರ ಭಾರತದ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷನಾದುದನ್ನು ಕಾಣಲು ಅವರಿರಲಿಲ್ಲ.

ಇದನ್ನೆಲ್ಲ ಕೇಳಿದ ಆ ತಾಯಿಗೆ, ಅಲ್ಲಿಯೂ ಇಂಥ ಗುರುಗಳು ಇದ್ದಾರು, ಧೈರ್ಯದಿಂದಿರಿ ಎಂದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ತಲೆ ತಗ್ಗಿಸಿ, "ಹೋದ ವರ್ಷ ನಮ್ಮ ಮ್ಯಾಲಿನ ಖೋಲಿ ಬಾಡಿಗಿಗೆ ಕೇಳ್ಕೋತ ಒಬ್ಬ ಕಾಲೇಜ ಹುಡುಗ ಬಂದಿದ್ದರಿ. ಯಾವ ಮಂದಿ ಅಂತ ಕೇಳಿ ಕಳಿಸಿಬಿಟ್ವಿ. ಅವನ ತಾಯಿನೂ ನನ್ಹಾಂಗ ಅತ್ತಿರಬೇಕು" ಎಂದರು.

ಆ ಮಾತು ನಮ್ಮನ್ನೂ ತಟ್ಟಿತು. ನಮ್ಮ ಓಣಿಯಲ್ಲಿಯೇ ಇಂಥ ಪ್ರಶ್ನೆಗಳನ್ನು ಕೇಳುವುದನ್ನು ಕೇಳಿಸಿಕೊಂಡೂ ನಾವು ಸುಮ್ಮನೆ ನಡೆದುಹೋದದ್ದುಂಟು. ಮಠದ ಅನ್ನದಿಂದ ಬೆಳೆದು ನಾಲ್ಕಕ್ಷರ ಕಲಿತವರಿಗೆ ಆ ಮೌನ ಭೂಷಣವಲ್ಲವೆಂದು ಇಂದು ಒಪ್ಪಿಕೊಳ್ಳುತ್ತೇವೆ.

ಬಂಧುಗಳೇ, ನಮ್ಮ ಮಕ್ಕಳು ಹೋದಲ್ಲೆಲ್ಲ ಸೆಲಿಗ್ಮನ್ನರಂಥವರು ದೊರೆಯಲೆಂದು ನಾವೆಲ್ಲರೂ ಹಾರೈಸುತ್ತೇವೆ. ನಮ್ಮ ಊರಿಗೆ ಓದಲು ಬರುವ ಮಕ್ಕಳೂ ಯಾರದೋ ಹಾರೈಕೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದವರೇ. ಈ ವರ್ಷ ಅಂಥವರೊಬ್ಬರು ತಮ್ಮ ಬಾಗಿಲಿಗೆ ಬಂದರೆ ಊಟವಾಯಿತೇ ಎಂಬುದನ್ನು ಮೊದಲು ಕೇಳಿ. ಯಾವ ಮಂದಿ ಎಂಬುದನ್ನು ಕೇಳುವ ಅಗತ್ಯವೇ ಬೀಳಲಾರದು.