ಕೈತಪ್ಪಿದ ಮೀನಿನ ಸುದ್ದಿ

ಗಾಳ ಹಾಕುವವರ ಮಾತನ್ನು ಪೂರ್ತಿ ನಂಬಬಾರದು ಅನ್ನುವ ತಮಾಷೆ ಎಲ್ಲ ಊರಿನಲ್ಲೂ ಇದೆ. ಹಿಡಿದ ಮೀನು ಗೇಣುದ್ದವಾದರೆ ತಪ್ಪಿಸಿಕೊಂಡದ್ದು ಯಾವಾಗಲೂ ಮೊಳದುದ್ದ. ಅಳೆದು ನೋಡೋಣವೆಂದರೆ ಮೀನೇ ಇರುವುದಿಲ್ಲ! ಹಾಗಾಗಿ ಈ ಸಲದ ಅಂಕಣವನ್ನು ನೀವು ಅರ್ಧ ನಂಬಿದರೂ ನನಗೆ ಬೇಸರವಿಲ್ಲ. ಕಳೆದ ಅಕ್ಟೋಬರ್‌ನಲ್ಲಿ ಹಿಮಾಚಲದ ತೀರ್ಥನ್ ನದಿಯಲ್ಲಿ ನನ್ನ ಗಾಳಕ್ಕೆ ಸಿಕ್ಕಿ, ನಾಲ್ಕೈದು ನಿಮಿಷ ನನ್ನ ಜೊತೆಗಿದ್ದು, ಹೊರಟುಹೋದ ಒಂದು ಬ್ರೌನ್ ಟ್ರೌಟ್ ಬಗ್ಗೆ ಬರೆಯುತ್ತಿದ್ದೇನೆ.

ದೆಹಲಿಯ ನಮ್ಮ ಕನ್ನಡ ಗೆಳೆಯರಿಗೆ ನನ್ನ ಈ ಹವ್ಯಾಸವೇ ಅರ್ಥವಾಗುವುದಿಲ್ಲ. "ಐನೂರು ಕಿಲೋಮೀಟರ್ ಕಾರು ಓಡಿಸ್ಕೊಂಡು ಹೋಗಿ, ಹಿಡಿದ ಮೀನನ್ನ ಮತ್ತೆ ನೀರಿಗೇ ಬಿಟ್ಟು ಬರ್ತೀಯಾ? ಸಾರಾದ್ರೂ ಮಾಡ್ಬಾರ್ದಾ?" ಎಂದು ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ನಾನು ಬೆಳೆದದ್ದು ಮಲೆನಾಡಿನಲ್ಲಿ. ಅಲ್ಲಿ ಗಾಳ ಹಾಕುವುದೆಂದರೆ ಬಿದಿರು ಕೋಲು, ಎರೆಹುಳು, ಸಂಜೆಗೆ ಹುಳಿ ಸಾರು. ಮುಂಗಾರಿನ ಮೊದಲ ಮಳೆಗೆ ಹಳ್ಳ ಹತ್ತುವ ಮೀನನ್ನು ಹಿಡಿಯಲು ಊರಿಗೆ ಊರೇ ರಾತ್ರಿ ಟಾರ್ಚು ಹಿಡಿದು ಹೊರಡುತ್ತಿತ್ತು. ಹತ್ತುಮೀನಿನ ರುಚಿ ಬಲ್ಲವರಿಗೆ 'ಹಿಡಿದು ಬಿಡುವುದು' ಹುಚ್ಚಾಟದಂತೆ ಕಂಡರೆ ಆಶ್ಚರ್ಯವೇನಿದೆ?

ಆದರೆ ಫ್ಲೈ ಫಿಶಿಂಗ್ ಬೇರೆಯೇ ಲೆಕ್ಕದ ಆಟ. ನಮ್ಮ ಗಾಳದಲ್ಲಿ ಸೀಸದ ಗುಂಡೋ ಹುಳುವೋ ಭಾರವಾಗಿದ್ದು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಕೊಕ್ಕೆಗೆ ಕಟ್ಟಿರುವುದು ಹಕ್ಕಿಯ ಗರಿ, ಪ್ರಾಣಿಯ ಕೂದಲು ಮತ್ತು ನೂಲಿನಿಂದ ಮಾಡಿದ ಸುಳ್ಳು ಹುಳು. ಅದಕ್ಕೆ ತೂಕವೇ ಇಲ್ಲ ಅನ್ನಬೇಕು. ತೂಕವಿರುವುದು ದಾರಕ್ಕೆ. ರಾಡನ್ನು ಹಿಂದೆ ಮುಂದೆ ಬೀಸಿ ಆ ದಪ್ಪ ದಾರವನ್ನು ಗಾಳಿಯಲ್ಲಿ ಬಿಚ್ಚಿದರೆ ಹುಳು ಅದರ ತುದಿಗೆ ಜೋತುಕೊಂಡು ಹೋಗಿ ನೀರಿಗಿಳಿಯುತ್ತದೆ. ದಪ್ಪ ದಾರಕ್ಕೂ ಹುಳುವಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯೊಂದಿರುತ್ತದೆ, ಟಿಪ್ಪೆಟ್ ಅಂತ. ನಾನು ಕಟ್ಟುವುದು 5ಎಕ್ಸ್ ಅನ್ನುವ ಅಳತೆಯದು, ದಪ್ಪ 0.15 ಮಿಲಿಮೀಟರ್. ಎರಡು ತಲೆಗೂದಲು ಜೋಡಿಸಿದಷ್ಟು. ಇನ್ನೂ ದಪ್ಪದ್ದನ್ನು ಕಟ್ಟಬಹುದು, ಆದರೆ ತಿಳಿನೀರಿನ ಟ್ರೌಟ್ ಅದನ್ನು ನೋಡಿ ಹತ್ತಿರವೇ ಸುಳಿಯುವುದಿಲ್ಲ. ದೊಡ್ಡ ಮೀನು ಬರಬೇಕಾದರೆ ಅದು ತಪ್ಪಿಸಿಕೊಳ್ಳಬಹುದಾದ ಎಳೆಯನ್ನೇ ಕಟ್ಟಬೇಕು. ಈ ಷರತ್ತಿಗೆ ಒಪ್ಪಿಯೇ ನೀರಿಗಿಳಿಯಬೇಕು.

ಇನ್ನು ಮೀನಿನ ಪರಿಚಯ. ಬ್ರೌನ್ ಟ್ರೌಟ್ ಹಿಮಾಲಯದ್ದಲ್ಲ, ಯುರೋಪಿನದು. ಬ್ರಿಟಿಷರು ತಮ್ಮೂರಿನ ಮೀನಿನ ನೆನಪಾಗಿ ಮೊಟ್ಟೆಗಳನ್ನು ಹಡಗಿನಲ್ಲಿ ತರಿಸಿ, 1900ರ ಹೊತ್ತಿಗೆ ಕಾಶ್ಮೀರದಲ್ಲಿ ಮರಿ ಮಾಡಿಸಿದರು. ಅಲ್ಲಿಂದ 1909ರಲ್ಲಿ ಹೋವೆಲ್ ಎಂಬ ಅಧಿಕಾರಿ ಕುಲ್ಲು ಕಣಿವೆಗೆ ತಂದ. ತಣ್ಣಗೆ ಹರಿಯುವ, ಪ್ರಾಣವಾಯು ತುಂಬಿದ ನೀರು ಸಿಕ್ಕಿದ್ದೇ ತಡ, ಮೀನು ಇಲ್ಲಿಯದೇ ಆಯಿತು. ಮೊದಲಿನಿಂದ ಇದ್ದ ಸ್ನೋ ಟ್ರೌಟ್‌ನ ಜಾಗವನ್ನು ಇದು ಒತ್ತುವರಿ ಮಾಡಿತೆಂಬ ಆಕ್ಷೇಪವೂ ಇದೆ, ಅದು ಸುಳ್ಳಲ್ಲ. ವಲಸೆ ಬಂದವರ ಪತ್ರಿಕೆಯಲ್ಲಿ ವಲಸೆ ಬಂದ ಮೀನಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ ಬಿಡಿ.

ತೀರ್ಥನ್ ಹುಟ್ಟುವುದು ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗೆ. 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಡು ಅದು. ಗುಶೈನಿ, ಬಂಜಾರ್ ದಾಟಿ ಹರಿದು ಲಾರ್ಜಿಯ ಬಳಿ ಸೈಂಜ್ ಹೊಳೆಯ ಜೊತೆ ಬಿಯಾಸ್‌ಗೆ ಸೇರುತ್ತದೆ. ಸುತ್ತಮುತ್ತಲಿನ ನದಿಗಳಿಗೆಲ್ಲ ಅಣೆಕಟ್ಟು, ಸುರಂಗಗಳು ಬಂದರೂ ತೀರ್ಥನ್‌ಗೆ ಜಲವಿದ್ಯುತ್ ಯೋಜನೆ ಬೇಡವೆಂದು ಅಲ್ಲಿನ ಜನ ಹೋರಾಡಿ ಉಳಿಸಿಕೊಂಡರು. ನವೆಂಬರ್ ಒಂದರಿಂದ ಫೆಬ್ರುವರಿ ಕೊನೆಯವರೆಗೆ ಟ್ರೌಟ್ ಮೊಟ್ಟೆಯಿಡುವ ಕಾಲ, ಗಾಳ ಹಾಕುವಂತಿಲ್ಲ. ಉಳಿದ ದಿನಗಳಲ್ಲಿ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು.

ನಾನು ಹೋದದ್ದು ಅಕ್ಟೋಬರ್ ಎರಡನೇ ವಾರ. ಮಳೆಗಾಲದ ಕೆಸರು ಇಳಿದು ನೀರು ಹಸಿರು ಗಾಜಿನಂತಾಗಿತ್ತು. ಜೊತೆಗೆ ಅಲ್ಲಿಯವರೇ ಆದ ಗೈಡ್ ಒಬ್ಬರು. ನಾನು ಅವರನ್ನು ಭಾಯ್‌ಜಿ ಅನ್ನುತ್ತೇನೆ, ಅವರು ನನ್ನನ್ನು ಸರ್‌ಜಿ ಅನ್ನುತ್ತಾರೆ. ಆರು ವರ್ಷದ ಸ್ನೇಹ. ಒಂದು ದೊಡ್ಡ ಬಂಡೆ, ಅದರ ಬೆನ್ನಿಗೆ ಒಂದು ಮಡು. ಟ್ರೌಟ್ ಹರಿವಿಗೆ ಮುಖ ಮಾಡಿ ಇಂಥ ಜಾಗದಲ್ಲೇ ನಿಂತಿರುತ್ತದೆ. ಬಂಡೆಯ ಮರೆಯಲ್ಲಿ ಈಜುವ ಶ್ರಮವಿಲ್ಲ, ಪಕ್ಕದ ಸೆಳವಿನಲ್ಲಿ ಊಟ ತಾನಾಗಿ ತೇಲಿ ಬರುತ್ತದೆ. ಸೆಳವಿನ ಅಂಚಿಗೆ ಹುಳು ಬೀಸಿದೆ. ಮೂರನೆಯದೋ ನಾಲ್ಕನೆಯದೋ ಬೀಸಿಗೆ ದಾರ ತಟ್ಟನೆ ನಿಂತಿತು. ರಾಡ್ ಎತ್ತಿದೆ. ಕಲ್ಲಿಗೆ ಸಿಕ್ಕಿಕೊಂಡಿತು ಅಂದುಕೊಂಡೆ. ಆಮೇಲೆ ಆ ಕಲ್ಲು ನಡೆಯತೊಡಗಿತು.

ಚಿಕ್ಕ ಟ್ರೌಟ್ ಸಿಕ್ಕಿದರೆ ರಾಡ್ ತುದಿ ಪಟಪಟ ಅದುರುತ್ತದೆ. ದೊಡ್ಡದು ಹಾಗಲ್ಲ. ಮೊದಲು ತೂಕ, ಆಮೇಲೆ ನಿಧಾನವಾಗಿ ಅತ್ತಿತ್ತ ತಲೆ ಒದರುವುದು. ಆ ಒದರು ಮೊಣಕೈವರೆಗೂ ಬರುತ್ತದೆ. ಮರುಕ್ಷಣ ರೀಲ್ ಕಿರುಚಿತು. ಮೀನು ಕೆಳಗಿನ ಬಿಳಿ ನೀರಿನ ಕಡೆ ಓಡಿತು. ಇಂಥ ಎಳೆಯಲ್ಲಿ ಎಳೆದು ನಿಲ್ಲಿಸುವ ಮಾತಿಲ್ಲ, ಓಡುವಾಗ ಬಿಡಬೇಕು, ನಿಂತಾಗ ಸುತ್ತಬೇಕು. ಭಾಯ್‌ಜಿ ಕೈಬಲೆ ಹಿಡಿದು ಸೊಂಟದವರೆಗೆ ನೀರಿಗಿಳಿದರು. ಎರಡು ಸಲ ಹತ್ತಿರ ಬಂತು, ಎರಡು ಸಲವೂ ಓಡಿತು. ಮೂರನೆಯ ಸಲ ಮಗ್ಗುಲಾಗಿ ಮೇಲೆ ಬಂದಾಗ ಪೂರ್ತಿ ಕಂಡಿತು. ಬೆಣ್ಣೆ ಕಾಯಿಸಿದ ಬಣ್ಣದ ಹೊಟ್ಟೆ, ಮೈತುಂಬ ಕಪ್ಪು ಚುಕ್ಕೆ, ನಡುನಡುವೆ ಬಿಳಿ ಉಂಗುರದೊಳಗೆ ಕುಂಕುಮವಿಟ್ಟಂತೆ ಕೆಂಪು ಚುಕ್ಕೆ. ಮೊಳಕ್ಕಿಂತ ಉದ್ದ. ನಗಬೇಡಿ, ಭಾಯ್‌ಜಿಯೂ ನೋಡಿದ್ದಾರೆ. ಬಲೆಗೆ ಇನ್ನು ಒಂದು ಮಾರು ದೂರವಿದ್ದಾಗ ಅದು ಎರಡು ಸಲ ತಲೆ ಒದರಿತು. ದಾರ ಸಡಿಲವಾಗಿ ನನ್ನ ಕಡೆಗೆ ಬಂತು.

ಕಂಪನಿಯಲ್ಲಿ ಸರ್ವರ್ ಒಂದು ಬಿದ್ದರೆ ನಾವು ಮರುದಿನ ಕೂತು ಕಾರಣ ಪತ್ತೆ ಮಾಡುತ್ತೇವೆ. ಏಕೆ ಬಿತ್ತು, ಅದೇಕೆ ಹಾಗಾಯಿತು ಎಂದು ಐದು ಸಲ ಕೇಳಿದರೆ ಮೂಲ ಸಿಗುತ್ತದೆ ಅನ್ನುವುದು ನಮ್ಮ ನಂಬಿಕೆ. ಹದಿನೈದು ವರ್ಷದ ಅಭ್ಯಾಸ, ನದಿಯ ನಡುವೆಯೂ ಬಿಡಲಿಲ್ಲ. ದಾರ ಎಳೆದುಕೊಂಡು ನೋಡಿದೆ. ಗಂಟು ಗಟ್ಟಿಯಾಗಿತ್ತು. ಟಿಪ್ಪೆಟ್ ಎಲ್ಲೂ ಸವೆದಿರಲಿಲ್ಲ. ಕೊಕ್ಕೆ ನೆಟ್ಟಗಾಗಿರಲಿಲ್ಲ, ಮೊನೆಯೂ ಚೂಪಾಗೇ ಇತ್ತು. ಮೀನಿಗೆ ಗಾಯ ಕಡಿಮೆಯಾಗಲೆಂದು ಮುಳ್ಳಿಲ್ಲದ ಕೊಕ್ಕೆ ಕಟ್ಟಿದ್ದೆ, ಅದು ಗೊತ್ತಿದ್ದೇ ಮಾಡಿದ್ದು. ತುಟಿಯಲ್ಲಿ ಕೊಕ್ಕೆ ಹಿಡಿದ ಜಾಗ ಎಳೆದಾಟದಲ್ಲಿ ಅಗಲವಾಗಿತ್ತು, ತಲೆ ಒದರಿದಾಗ ಬಿಟ್ಟುಕೊಂಡಿತು. ಅಷ್ಟೇ. ರಿಪೋರ್ಟಿನಲ್ಲಿ ಬರೆಯಲು ಏನೂ ಇಲ್ಲ. ಎಲ್ಲವೂ ಸರಿಯಾಗಿತ್ತು, ಮೀನು ಮಾತ್ರ ಇರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವೆ. ಇದು ಬಾಯಿಗೆ ಬರಬೇಕಾದ ತುತ್ತೇ ಆಗಿರಲಿಲ್ಲ. ಬಲೆಗೆ ಬಿದ್ದಿದ್ದರೂ ಒಂದು ಫೋಟೋ ತೆಗೆದು ಬಿಡುತ್ತಿದ್ದೆ. ಲೆಕ್ಕ ಹಾಕಿದರೆ ನಾನು ಕಳೆದುಕೊಂಡದ್ದು ಹತ್ತು ಸೆಕೆಂಡು ಮತ್ತು ಒಂದು ಫೋಟೋ. ಆದರೂ ಕೈಕಾಲು ನಡುಗುತ್ತಿತ್ತು, ಗಂಟಲು ಕಟ್ಟಿತ್ತು. ದಂಡೆಯ ಕಲ್ಲಿನ ಮೇಲೆ ಹೋಗಿ ಕೂತೆ.

ಭಾಯ್‌ಜಿ ಸಮಾಧಾನ ಹೇಳಲು ಬರುತ್ತಾರೆ ಅಂದುಕೊಂಡೆ. ಬರಲಿಲ್ಲ. ಒದ್ದೆ ಬಟ್ಟೆಯಲ್ಲೇ ನಿಂತು ಫೋನ್ ತೆಗೆದು ಯಾರಿಗೋ ಕೂಗಿ ಹೇಳುತ್ತಿದ್ದರು: "ಹೈ, ಹೈ! ಬಡೀ ವಾಲೀ ಹೈ!" ಇದೆ, ದೊಡ್ಡದು ಇದೆ. ಒಬ್ಬರಾದ ಮೇಲೆ ಒಬ್ಬರಿಗೆ, ನಾಲ್ಕು ಜನಕ್ಕೆ ಹೇಳಿದರು.

ಆ ಸಂಭ್ರಮದ ಹಿಂದೆ 2023ರ ಜುಲೈ ಇದೆ. ಆ ಮಳೆಯಲ್ಲಿ ಕುಲ್ಲುವಿನ ನದಿಗಳೆಲ್ಲ ಉಕ್ಕಿದ್ದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ತೀರ್ಥನ್ ಕೂಡ ದಂಡೆಗಳನ್ನು ಕೊಚ್ಚಿಕೊಂಡು ಹರಿಯಿತು. ನೆರೆಗೆ ನದಿಯ ತಳದ ಕಲ್ಲುಗಳೇ ಉರುಳುತ್ತವೆ, ಮೀನುಗಳಿಗೆ ಮರೆ ಇರುವುದಿಲ್ಲ. ಆಮೇಲೆ ಎರಡು ವರ್ಷ ಆ ಮಡುವಿನಲ್ಲಿ ಬೆರಳುದ್ದದ ಮರಿಗಳನ್ನು ಬಿಟ್ಟರೆ ಭಾಯ್‌ಜಿ ಏನನ್ನೂ ಕಂಡಿರಲಿಲ್ಲ. ಅವರ ಮನೆ ನಡೆಯುವುದು ನನ್ನಂಥವರು ಬರುವುದರಿಂದ, ನಾವು ಬರುವುದು ದೊಡ್ಡ ಮೀನಿನ ಆಸೆಗೆ. ತಣ್ಣನೆ ಹೊಳೆಯಲ್ಲಿ ಟ್ರೌಟ್ ಅಷ್ಟು ಉದ್ದವಾಗಲು ನಾಲ್ಕೈದು ವರ್ಷವಾದರೂ ಬೇಕು. ಅಂದರೆ ನನ್ನ ದಾರದ ತುದಿಯಲ್ಲಿದ್ದದ್ದು ಆ ನೆರೆಯನ್ನು ದಾಟಿ ಬಂದ ಮೀನು.

ಇನ್ನೂ ಒಂದು ವಿಷಯ ಅವರ ಕಣ್ಣಿಗೆ ಬಿದ್ದಿತ್ತು. ಅದು ಹೆಣ್ಣು. ಆ ಕಾಲಕ್ಕೆ ದೊಡ್ಡ ಗಂಡಿನ ಕೆಳದವಡೆ ಕೊಕ್ಕೆಯಂತೆ ಬಾಗಿರುತ್ತದೆ, ಇದರದ್ದು ಬಾಗಿರಲಿಲ್ಲ, ಹೊಟ್ಟೆ ತುಂಬಿಕೊಂಡಿತ್ತು. ಕಿಲೋ ತೂಕದ ಹೆಣ್ಣು ಟ್ರೌಟ್ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಬಾಲದಿಂದ ಜಲ್ಲಿಕಲ್ಲನ್ನು ಕೆದಕಿ ಗುಂಡಿ ಮಾಡಿ, ಮೊಟ್ಟೆಯಿಟ್ಟು, ಮತ್ತೆ ಕಲ್ಲು ಮುಚ್ಚುತ್ತದೆ. ಚಳಿಗಾಲದ ಎರಡು ಮೂರು ತಿಂಗಳು ಆ ಕಲ್ಲುಗಳ ಸಂದಿನಲ್ಲಿ ತಿಳಿನೀರು ಹರಿಯುತ್ತಿದ್ದರೆ ಮರಿಯಾಗುತ್ತದೆ. ಮೇಲಿನಿಂದ ಮಣ್ಣು ಬಂದು ಕೂತರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ.

ನನ್ನ ನಿರಾಶೆಯೂ ಭಾಯ್‌ಜಿಯ ಸಂತೋಷವೂ ಒಂದೇ ಮೀನಿನದು. 'ಹೋಯಿತು' ಎಂದು ನಾನು ಕೂತಿದ್ದಾಗ ಅವರು 'ಇದೆ' ಎಂದು ಕುಣಿಯುತ್ತಿದ್ದರು. ಈ ಎರಡನೆಯ ಮಾತಿನ ಬೆಲೆ ನನಗೆ ತಿಳಿದದ್ದು ನಮ್ಮ ಕಾವೇರಿಯನ್ನು ನೆನೆದಾಗ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಗುವ ಮಹಶೀರ್ ಹಿಡಿದಿದ್ದರು. ಸುಮಾರು 54 ಕಿಲೋ! ಕಾವೇರಿ ಸೀಮೆಯ ಆ ಡುಬ್ಬದ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೂ, ಅದು ಅಳಿವಿನ ಅಂಚಿಗೆ ಬಂದಿದೆಯೆಂದು ಕೆಂಪು ಪಟ್ಟಿಗೆ ಸೇರಿದ್ದೂ 2018ರಲ್ಲಿ. ಶೃಂಗೇರಿಯ ತುಂಗೆಯಲ್ಲಿ ಮಠದ ಮೆಟ್ಟಿಲ ಬಳಿ ಮಂಡಕ್ಕಿ ಹಾಕಿದರೆ ಮುತ್ತಿಕೊಳ್ಳುವ ಮೀನುಗಳನ್ನು ಎಲ್ಲರೂ ನೋಡಿದ್ದೇವೆ, ಅವು ದೇವರ ಮೀನು, ಬದುಕಿವೆ. ಆ ಮೆಟ್ಟಿಲುಗಳಿಂದ ಆಚೆ, ಹೊಳೆಯ ದೊಡ್ಡ ಮೀನಿನ ಬಗ್ಗೆ ಊರಿನ ಹಿರಿಯರು ಹೇಳುವ ಕತೆಗಳೆಲ್ಲ 'ಇತ್ತು' ಎಂದೇ ಮುಗಿಯುತ್ತವೆ.

ಮೊಟ್ಟೆ ತುಂಬಿಕೊಂಡ ಹತ್ತುಮೀನನ್ನು ಬುಟ್ಟಿಗಟ್ಟಲೆ ಹೊತ್ತು ತಂದ ಊರಿನವನಾದ ನನಗೆ ಹಿಮಾಚಲದ ನಾಲ್ಕು ತಿಂಗಳ ನಿಷೇಧ ಈಗ ಬರೀ ಸರ್ಕಾರಿ ನಿಯಮವಾಗಿ ಕಾಣುವುದಿಲ್ಲ. ಇದನ್ನು ನೀವು ಓದುವ ಹೊತ್ತಿಗೆ ಆ ಹೆಣ್ಣು ಮೊಟ್ಟೆಯಿಟ್ಟು ಮಡುವಿಗೆ ಮರಳಿರಬೇಕು.

ಮಾರ್ಚ್ ಒಂದಕ್ಕೆ ನದಿ ಮತ್ತೆ ತೆರೆಯುತ್ತದೆ. ಹೋಗುವ ಮನಸ್ಸಿದ್ದವರು ಲೈಸೆನ್ಸ್ ಮಾಡಿಸಿ, ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಹಾಕಿ, ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣಕೈ ತಗುಲಿದರೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಸ್ಥಳೀಯ ಗೈಡ್ ಒಬ್ಬರನ್ನು ತಪ್ಪದೆ ಜೊತೆಗೆ ಕರೆದುಕೊಳ್ಳಿ. ಬೇರೆ ಏನೇ ಬೇಕಾದರೂ ನನಗೆ ಬರೆದು ಕೇಳಿ, ಹೇಳುತ್ತೇನೆ. ಆ ಬಂಡೆ ಎಲ್ಲಿದೆ ಅಂತ ಮಾತ್ರ ಕೇಳಬೇಡಿ.