ಊಟದೊಳಗಿನ ಮಾತು

ಈ ವರ್ಷ ಶಿವರಾತ್ರಿ ಕಳೆದ ಎರಡನೆಯ ದಿನ, ಫೆಬ್ರವರಿ 17ರ ಮಂಗಳವಾರ, ಅಮಾವಾಸ್ಯೆ. ನಮ್ಮ ಪಂಚಾಂಗದ ಪ್ರಕಾರ ಮಾಘ ಮಾಸ ಮುಗಿದ ದಿನ ಅದು. ಚೀನೀಯರಿಗೆ ಹೊಸ ವರ್ಷದ ಮೊದಲ ದಿನ. ಅಮಾವಾಸ್ಯೆ ಸಂಭವಿಸುವ ದಿನವನ್ನೇ ಅವರು ತಿಂಗಳ ಮೊದಲ ದಿನವೆಂದು ಎಣಿಸುತ್ತಾರೆ, ನಾವು ಪಾಡ್ಯದಿಂದ ಎಣಿಸುತ್ತೇವೆ. ಉಳಿದಂತೆ ಎರಡು ಲೆಕ್ಕಗಳೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಚಂದ್ರನ ನಡೆಯನ್ನು ಸೂರ್ಯನ ನಡೆಗೆ ಸರಿದೂಗಿಸಲು ಅವರಿಗೂ ಅಧಿಕ ಮಾಸ ಬೇಕು. ಪ್ರಭವ, ವಿಭವ ಎಂದು ನಾವು ಹೇಳುವಂತೆ ಅರುವತ್ತು ವರ್ಷಗಳ ಚಕ್ರ ಅವರಲ್ಲಿಯೂ ಉಂಟು. ಈಗ ಆರಂಭವಾಗಿರುವುದು ಕುದುರೆಯ ವರ್ಷ. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಹಬ್ಬವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ನಮ್ಮ ಕಡೆಯ ಮಕ್ಕಳಿಗೂ ಅದರ ಹೆಸರು ಪರಿಚಿತವಾಗಿದೆ.

ಕಲ್ಪೆಟ್ಟದಲ್ಲಿ ಕುಳಿತ ಕನ್ನಡದ ವಕೀಲನೊಬ್ಬನಿಗೆ ಚೀನದ ಹಬ್ಬದ ಗೊಡವೆ ಏಕೆಂದು ಓದುಗರು ಕೇಳಬಹುದು. ಮಗಳ ಹಟ ಎಂಬುದು ಒಂದು ಉತ್ತರ. ಆ ಹಟದ ಫಲವಾಗಿ ಮುಂದಿನ ಭಾನುವಾರ ನಾವು ನಾಲ್ವರೂ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಇಳಿದು ಕಲ್ಲಿಕೋಟೆಯ ಮಳಿಗೆ ಸಮುಚ್ಚಯವೊಂದರ ಆಹಾರಾಂಗಣವನ್ನು ಸೇರಿದೆವು. ಅದನ್ನು ಫುಡ್ ಕೋರ್ಟ್ ಎನ್ನುತ್ತಾರೆ. ನಾನು ದಿನವೂ ಹೋಗುವ ಕೋರ್ಟಿಗಿಂತ ಅಲ್ಲಿ ತೀರ್ಪು ಬೇಗ ಬರುತ್ತದೆ ಎಂಬುದೊಂದೇ ವ್ಯತ್ಯಾಸ. ರಂಜಾನಿನ ಮೊದಲ ವಾರವಾದುದರಿಂದ ಸಂಜೆಯ ಬಾಂಗಿನ ಹೊತ್ತಿಗೆ ಮೇಜುಗಳೆಲ್ಲ ಖರ್ಜೂರದ ತಟ್ಟೆಗಳಿಂದ ತುಂಬಿದ್ದವು. ಮೇಲೆ ಹಸಿರು ಕಾಗದದ ಬಾಲಚಂದ್ರ, ಪಕ್ಕದಲ್ಲಿ ಚೀನದ ಕೆಂಪು ಗೂಡುದೀಪ. ಅದು ಕಲ್ಲಿಕೋಟೆಗೆ ಹೊಸತಲ್ಲ. ಹದಿನೈದನೆಯ ಶತಮಾನದ ಆರಂಭದಲ್ಲಿ ಝೆಂಗ್ ಹೆ ಎಂಬ ಮುಸಲ್ಮಾನ ನೌಕಾಧಿಪತಿಯ ಹಡಗುಗಳು ಮತ್ತೆ ಮತ್ತೆ ಬಂದು ಲಂಗರು ಹಾಕಿದ್ದು ಇದೇ ಊರಿನಲ್ಲಿ. ಆತನ ಜೊತೆ ಬಂದ ಮಾ ಹುವಾನ್ ಎಂಬ ದುಭಾಷಿ, ಇಲ್ಲಿನ ವರ್ತಕರು ಲೆಕ್ಕದ ಮಣಿಗಳಿಲ್ಲದೆ ಕೈಕಾಲಿನ ಬೆರಳುಗಳಲ್ಲೇ ತಪ್ಪಿಲ್ಲದೆ ಲೆಕ್ಕ ಹಾಕುವುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಇಂದಿಗೂ ಮಲಯಾಳಿ ಅಡುಗೆಮನೆಯಲ್ಲಿ ಬಾಣಲೆಯ ಹೆಸರು ಚೀನಚಟ್ಟಿ, ಉಪ್ಪಿನಕಾಯಿಯ ಜಾಡಿಯ ಹೆಸರು ಚೀನಭರಣಿ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಸಿಹಿಗುಂಬಳವನ್ನು ಚೀನಿಕಾಯಿ ಎನ್ನುತ್ತೇವೆ. ಆ ಬಳ್ಳಿ ಹುಟ್ಟಿದ್ದು ಅಮೆರಿಕದಲ್ಲಿ ಎಂಬುದು ಬೇರೆ ಮಾತು.

ಏಷ್ಯನ್ ಎಂಬ ಫಲಕದ ಕೆಳಗೆ ನಮಗೆ ದೊರೆತದ್ದು ನೂಡಲ್ಸ್, ಮೋಮೊ, ಥಾಯ್ ದೇಶದ ತೆಂಗಿನಹಾಲಿನ ಸಾರು, ಮತ್ತು ತಪ್ಪದೆ ಗೋಬಿ ಮಂಚೂರಿ. ಮಂಚೂರಿಯಾದ ಯಾವ ಅಜ್ಜಿಯೂ ಇದನ್ನು ಕಂಡವಳಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಕೋಳಿಗೆ ಮಾಡಿದ ಉಪಚಾರ ಆಮೇಲೆ ಹೂಕೋಸಿಗೂ ಹರಡಿತೆಂದು ಹೇಳುತ್ತಾರೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಬೇಕಾಯಿತು. ಸರ್ಕಾರವೇ ಆದೇಶ ಹೊರಡಿಸಬೇಕಾದಷ್ಟು ಅದು ಕನ್ನಡಿಗರ ತಿಂಡಿಯಾಗಿದೆ ಎಂದರ್ಥ.

ಅಂಗಡಿಯ ಮುಂದೆ ಕೆಂಪು ಕಾಗದದ ಮೇಲೆ ಚಿನ್ನದ ಬಣ್ಣದ ಒಂದೇ ಒಂದು ಅಕ್ಷರ ಅಂಟಿಸಿದ್ದರು. ನನ್ನ ಮಗ ಗೂಡುದೀಪವನ್ನೊಮ್ಮೆ, ಆ ಕಾಗದವನ್ನೊಮ್ಮೆ ನೋಡಿ, "ಅಪ್ಪಾ, ಎರಡೂ ಒಂದೇ ಅಕ್ಷರ. ಇಲ್ಲಿ ತಲೆಕೆಳಗಾಗಿ ಅಂಟಿಸಿದ್ದಾರೆ" ಎಂದ. ಅವನಿಗೆ ಚೀನೀ ಬಾರದು, ಆಕಾರವನ್ನು ಮಾತ್ರ ಹೋಲಿಸಿ ನೋಡಿದ್ದ. ಹಣ ತೆಗೆದುಕೊಳ್ಳುತ್ತಿದ್ದ ಹುಡುಗಿ ಗಾಬರಿಯಿಂದ ಅದನ್ನು ಕೀಳಹೊರಟಾಗ ಒಲೆಯ ಬಳಿಯಿದ್ದ ಬಾಣಸಿಗ ತಡೆದ. ಕಾಲಿಂಪಾಂಗಿನವನು, ಹತ್ತು ವರ್ಷಗಳ ಹಿಂದೆ ಕಲ್ಕತ್ತೆಯ ಟಾಂಗ್ರಾದಲ್ಲಿ ಚೀನೀ ಉಸ್ತಾದನ ಕೈಕೆಳಗೆ ಕೆಲಸ ಕಲಿತವನು. ಅವನ ಮುಖ ನೋಡಿ ಪಕ್ಕದ ಸಾಲಿನ ಯಾರೋ "ಚೀನಾ" ಎಂದು ಕರೆದದ್ದನ್ನು ಅವನು ಕೇಳಿಯೂ ಕೇಳದಂತಿದ್ದ. 2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ದೆಹಲಿಯ ಲಾಜ್‌ಪತ್ ನಗರದಲ್ಲಿ ಸತ್ತದ್ದು ಇಂಥದೇ ಗೇಲಿಯಿಂದ ಆರಂಭವಾದ ಹೊಡೆತದಿಂದ. ಮಕ್ಕಳಿರುವ ಮನೆಗಳಲ್ಲಿ ಇದನ್ನು ಒಮ್ಮೆ ಹೇಳಿಡುವುದು ಒಳ್ಳೆಯದು.

ಬಾಣಸಿಗ ವಿವರಿಸಿದ್ದು ಇಷ್ಟು. ಆ ಅಕ್ಷರ 'ಫು', ಎಂದರೆ ಭಾಗ್ಯ. ಚೀನೀ ಭಾಷೆಯಲ್ಲಿ ತಲೆಕೆಳಗಾಗುವುದಕ್ಕೂ ಬಂದು ಸೇರುವುದಕ್ಕೂ ಉಚ್ಚಾರ ಒಂದೇ. ಭಾಗ್ಯವನ್ನು ತಲೆಕೆಳಗಾಗಿ ಅಂಟಿಸಿದರೆ, ನೋಡಿದವರು "ಭಾಗ್ಯ ತಲೆಕೆಳಗಾಗಿದೆ" ಎನ್ನುತ್ತಾರೆ. ಕಿವಿಗೆ ಅದು "ಭಾಗ್ಯ ಬಂದಿದೆ" ಎಂದು ಕೇಳಿಸುತ್ತದೆ.

ಹಬ್ಬದ ಊಟದ ತುಂಬ ಇದೇ ಶ್ಲೇಷೆ. ವರ್ಷದ ಕೊನೆಯ ರಾತ್ರಿ ಎಲ್ಲಿದ್ದರೂ ಮನೆಗೆ ಮರಳಿ ಒಟ್ಟಿಗೆ ಉಣ್ಣಬೇಕು. ಇಡಿಯಾದ ಮೀನೊಂದನ್ನು ತಲೆ ಬಾಲ ಸಹಿತ ಬಡಿಸುತ್ತಾರೆ, ಆದರೆ ಪೂರ್ತಿ ತಿನ್ನುವುದಿಲ್ಲ. ಮೀನಿಗೆ ಅವರ ಮಾತು 'ಯೂ'. ಮಿಕ್ಕು ಉಳಿಯುವುದಕ್ಕೂ 'ಯೂ'. ವರ್ಷ ವರ್ಷವೂ ಮನೆಯಲ್ಲಿ ಮಿಗಲಿ ಎಂಬ ಹಾರೈಕೆಯನ್ನು ತಟ್ಟೆಯಲ್ಲೇ ಮಿಗಿಸಿ ತೋರಿಸುವ ಕ್ರಮ ಅದು. ಅಂಟು ಅಕ್ಕಿಯ ಹಿಟ್ಟಿಗೆ ಸಿಹಿ ಬೆರೆಸಿ ಹಬೆಯಲ್ಲಿ ಬೇಯಿಸುವ ಕಡುಬಿಗೆ 'ನಿಯಾನ್ ಗಾವ್' ಎಂಬ ಹೆಸರು. ಅದು ವರ್ಷದ ಕಡುಬೂ ಹೌದು, ವರ್ಷದಿಂದ ವರ್ಷಕ್ಕೆ ಮೇಲೇರುವುದೂ ಹೌದು. ಆ ಭಾಷೆ ಬಲ್ಲ ಮಗು ಹಾರೈಕೆಯನ್ನು ತಿನ್ನುತ್ತದೆ, ಬಾರದ ಮಗು ಮೀನನ್ನು ತಿನ್ನುತ್ತದೆ. ಎರಡೂ ಮಕ್ಕಳ ಹೊಟ್ಟೆ ತುಂಬುತ್ತದೆ, ಅದರಲ್ಲಿ ಸಂದೇಹವಿಲ್ಲ.

ನಮ್ಮಲ್ಲಿ ಘಟ್ಟದ ಮೇಲಿನವರು ಸಂಕ್ರಾಂತಿಗೆ ಎಳ್ಳು ಬೀರುತ್ತ, ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎನ್ನುತ್ತಾರೆ. ಎಳ್ಳು ಎಂಬುದಕ್ಕೆ ಒಳ್ಳೆ ಎಂಬುದು ಪ್ರಾಸವಾಗಿ ಒದಗುವುದು ಕನ್ನಡದಲ್ಲಿ ಮಾತ್ರ. ಆ ವಾಕ್ಯವನ್ನು ಮಲಯಾಳಕ್ಕೋ ಇಂಗ್ಲಿಷಿಗೋ ಒಯ್ದರೆ ಎಳ್ಳೂ ಬೆಲ್ಲವೂ ದಾಟುತ್ತವೆ, ಪ್ರಾಸ ಈಚೆ ದಡದಲ್ಲೇ ನಿಲ್ಲುತ್ತದೆ. ಮಂಜೇಶ್ವರ ಕಡೆಯ ನಮ್ಮ ಮನೆಯಲ್ಲಿ ಹೊಸ ಅಕ್ಕಿ ಊಟದ ದಿನ ಮೊದಲ ತುತ್ತಿಗೆ ಮುನ್ನ ಕಿರಿಯರು ಹಿರಿಯರ ಮುಖ ನೋಡಿ "ಹೊಸತು ಉಣ್ಣುತ್ತೇನೆ" ಎನ್ನಬೇಕು, ಹಿರಿಯರು "ಉಣ್ಣು" ಎನ್ನಬೇಕು. ಆ ಎರಡು ಮಾತುಗಳಿಲ್ಲದಿದ್ದರೆ ಅದು ಅಕ್ಕಿ ಗಂಜಿ ಅಷ್ಟೇ, ಹಬ್ಬವಲ್ಲ. ನನ್ನ ಮಗಳು ನಾಲ್ಕನೆಯ ತರಗತಿಯವರೆಗೆ ಅಲ್ಲಿನ ಕನ್ನಡ ಶಾಲೆಯಲ್ಲಿ ಕಲಿತವಳು, ಈ ಪತ್ರಿಕೆಯನ್ನು ಓದುತ್ತಾಳೆ. ಮಗ ಕಲ್ಪೆಟ್ಟದಲ್ಲಿಯೇ ಶಾಲೆಗೆ ಸೇರಿದವನು. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ. ಮೇಜಿನ ಮೇಲಿನ ಈ ಪತ್ರಿಕೆಯನ್ನು ಮಾತ್ರ ಅವನು ನೋಡುವುದು ಆ ಕೆಂಪು ಕಾಗದವನ್ನು ನೋಡಿದಂತೆಯೇ.

ಕಲ್ಕತ್ತೆಯ ಚೀನೀಯರ ಕಥೆ ನನಗೆ ವೃತ್ತಿಯ ಕಾರಣದಿಂದಲೂ ಕುತೂಹಲದ್ದು, ಏಕೆಂದರೆ ಅವರ ಬದುಕನ್ನು ಎರಡು ಬಾರಿ ತಿರುಗಿಸಿದ್ದು ಕಾನೂನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಾರನ್ ಹೇಸ್ಟಿಂಗ್ಸನಿಂದ ಭೂಮಿ ಪಡೆದು ಕಬ್ಬು ಬೆಳೆದು ಸಕ್ಕರೆ ತೆಗೆದ ಅಚ್ಯು ಎಂಬಾತ ಅಲ್ಲಿನ ಮೂಲಪುರುಷ. ಅವನ ಹೆಸರು ಹೊತ್ತ ಅಚಿಪುರದ ಸಮಾಧಿಗೆ ಇಂದಿಗೂ ಹೊಸ ವರ್ಷದ ಹೊತ್ತಿನಲ್ಲಿ ಜನ ಹೋಗುತ್ತಾರೆ. 1962ರ ಯುದ್ಧ ಬಂತು. ವಿದೇಶೀಯರ ಕಾನೂನಿಗೆ ಆಗ ತಂದ ಬದಲಾವಣೆಯ ಪ್ರಕಾರ ತಾನು ಮಾತ್ರವಲ್ಲ, ತಂದೆತಾಯಿಗಳಲ್ಲಿ ಒಬ್ಬರು, ಅಜ್ಜ ಅಜ್ಜಿಯರಲ್ಲಿ ಒಬ್ಬರು ಎಂದೋ ಶತ್ರುದೇಶದ ಪ್ರಜೆಯಾಗಿದ್ದರೂ ಸಾಕು, ಆ ವ್ಯಕ್ತಿ ವಿದೇಶೀಯನಂತೆಯೇ. ಅಸ್ಸಾಮಿನ ಮಾಕುಮ್‌ನಲ್ಲಿ ಚಹಾ ತೋಟದ ಕೆಲಸಕ್ಕೆ ಬಂದವರ ಮೊಮ್ಮಕ್ಕಳು ಸೇರಿದಂತೆ ಸುಮಾರು 3,000 ಜನರನ್ನು ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಿದರು. ಹಲವರಿಗೆ ಅಸ್ಸಾಮೀ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಕೊನೆಯವರು ಹೊರಬಂದಾಗ 1967 ಆಗಿತ್ತು. ರೀಟಾ ಚೌಧುರಿಯವರ 'ಮಾಕಾಮ್' ಎಂಬ ಅಸ್ಸಾಮೀ ಕಾದಂಬರಿ ಈ ವಿಷಯವನ್ನೇ ಕುರಿತದ್ದು. ಅಜ್ಜಿಯ ಪೌರತ್ವವನ್ನು ಮೊಮ್ಮಗನ ವಿರುದ್ಧ ಸಾಕ್ಷಿಯಾಗಿ ಹಿಡಿದ ಈ ಕಲಮು ನ್ಯಾಯಶಾಸ್ತ್ರದ ಯಾವ ಪಾಠಕ್ಕೂ ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಎರಡನೆಯದು 1996ರ ಡಿಸೆಂಬರಿನ ತೀರ್ಪು. ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ಟಾಂಗ್ರಾದ ಚರ್ಮ ಹದಮಾಡುವ ಕಾರ್ಖಾನೆಗಳು ಊರಾಚೆ ಹೋಗಬೇಕೆಂದು ಆದೇಶಿಸಿತು. ಅವುಗಳಲ್ಲಿ ಹೆಚ್ಚಿನವು ಹಕ್ಕಾ ಚೀನೀ ಕುಟುಂಬಗಳದ್ದು. ಹಲವರು ಕಾರ್ಖಾನೆಯ ಕಟ್ಟಡಗಳನ್ನೇ ಹೋಟೆಲುಗಳನ್ನಾಗಿ ಮಾಡಿದರು. ದೇಶದ ಮೂಲೆಮೂಲೆಯ ಚೀನೀ ಹೋಟೆಲುಗಳಲ್ಲಿ ಇಂದು ಹಕ್ಕಾ ನೂಡಲ್ಸ್ ಎಂಬ ಹೆಸರಿರುವುದು ಆ ಜನರದೇ. ಆದರೆ ಟಾಂಗ್ರಾದ ಪೆಯ್ ಮೇ ಎಂಬ ಚೀನೀ ಶಾಲೆ ಮಕ್ಕಳಿಲ್ಲದೆ ನಿಂತುಹೋಯಿತು. 1969ರಲ್ಲಿ ಆರಂಭವಾದ, ಸಿಯೋಂಗ್ ಪೌ ಎಂದು ಕರೆಯುತ್ತಿದ್ದ ನಾಲ್ಕು ಪುಟದ ಚೀನೀ ಪತ್ರಿಕೆ 2020ರ ಮಾರ್ಚಿನಲ್ಲಿ, ಕೋವಿಡ್ ಬೀಗಮುದ್ರೆಗೆ ಮುನ್ನ, ಕೊನೆಯ ಬಾರಿ ಅಚ್ಚಾಯಿತು. ಕೆಲವೇ ತಿಂಗಳಲ್ಲಿ ಅದರ ವೃದ್ಧ ಸಂಪಾದಕರೂ ತೀರಿಕೊಂಡರು. ಮತ್ತೆ ಅದು ಹೊರಬರಲಿಲ್ಲ. ಹೋಟೆಲುಗಳಿಗೆ ಗಿರಾಕಿ ಕಡಮೆಯಾಗಿಲ್ಲ. ಮೂರು ರಾಜ್ಯಗಳಾಚೆ ಅಚ್ಚಾಗುವ ಪತ್ರಿಕೆಯೊಂದು ನಿಂತ ಸುದ್ದಿಯನ್ನು ಇಂಥದೇ ಇನ್ನೊಂದು ಪತ್ರಿಕೆಯ ಅಂಕಣಕಾರ ಓದುವ ಬಗೆಯೇ ಬೇರೆ ಎಂದಷ್ಟೇ ಹೇಳುತ್ತೇನೆ.

ಚೀನೀಯರ ಇನ್ನೊಂದು ನೆಲೆ ಕಲ್ಕತ್ತೆಯಷ್ಟು ದೂರದ್ದಲ್ಲ. ಕಲ್ಪೆಟ್ಟದಿಂದ ಮೇಪ್ಪಾಡಿ, ವಡುವಂಚಾಲ್, ಪಂದಲೂರು ಹಾದು ಗೂಡಲೂರು ಮುಟ್ಟಬಹುದು. 1877ರಲ್ಲಿ ನೀಲಗಿರಿಗೆ ಸೇರಿಸುವವರೆಗೆ ಆ ಸೀಮೆಯೂ ವಯನಾಡೇ ಆಗಿತ್ತು. ಜನ್ಮಂ ಭೂಮಿಯ ವ್ಯಾಜ್ಯಗಳ ಕಾಗದಪತ್ರ ನೋಡಲು ನಾನು ಆಗಾಗ ಅಲ್ಲಿಗೆ ಹೋಗುವುದುಂಟು. ಗೂಡಲೂರಿನಿಂದ ಊಟಿಯ ಘಾಟಿ ಏರಿದರೆ ನಡುವಟ್ಟಂ. ಮಲೇರಿಯಾದ ಮದ್ದಿಗಾಗಿ ಬ್ರಿಟಿಷರು 1860ರ ದಶಕದಲ್ಲಿ ಅಲ್ಲಿ ಸಿಂಕೋನಾ ತೋಟ ಹಾಕಿದಾಗ ಕೂಲಿಗೆ ಕೈದಿಗಳನ್ನು ತಂದರು. ಅವರಲ್ಲಿ ಮಲಾಕ್ಕಾ ಜಲಸಂಧಿಯ ವಸಾಹತುಗಳಿಂದ ಕಳುಹಿಸಿದ ಚೀನೀ ಕೈದಿಗಳಿದ್ದರು. ಅಫೀಮು ಯುದ್ಧದ ಸೆರೆಯಾಳುಗಳೆಂದು ಸ್ಥಳೀಯರು ಹೇಳುತ್ತಾರೆ. ಎಡ್ಗರ್ ಥರ್ಸ್ಟನ್ ತನ್ನ 1909ರ ಗ್ರಂಥದಲ್ಲಿ ಬರೆದಿರುವುದು ಅಲ್ಲಿನ ಸೆರೆಮನೆಗಳಲ್ಲಿ ಸ್ಥಳವಿಲ್ಲದ ಕಾರಣ ಇತ್ತ ಸಾಗಿಸಿದವರು ಎಂದು. ಹಳೆಯ ಸೆರೆಮನೆಯ ಕಟ್ಟಡ ತಮಿಳುನಾಡು ಸರ್ಕಾರದ ಚಹಾ ಕಾರ್ಖಾನೆಯ ಬಳಿ ಇಂದೂ ನಿಂತಿದೆ.

ಶಿಕ್ಷೆ ಮುಗಿದವರು ಊರಿಗೆ ಮರಳಲಿಲ್ಲ. ನಡುವಟ್ಟಂ ಮತ್ತು ಗೂಡಲೂರಿನ ನಡುವೆ ತಮಿಳು ಹೆಂಗಸರನ್ನು ಮದುವೆಯಾಗಿ ತರಕಾರಿ, ಕಾಫಿ ಬೆಳೆದು ಬದುಕಿದರು. ಥರ್ಸ್ಟನ್ ಅಂಥ ಒಂದು ಕುಟುಂಬವನ್ನು ಕಂಡಿದ್ದ. ಮನೆಯ ಯಜಮಾನನಿಗೆ ಇದ್ದ ಅಸಮಾಧಾನ ಒಂದೇ: ಕ್ರೈಸ್ತನಾಗುವಾಗ ತನ್ನ ಜಡೆಯನ್ನು ಕತ್ತರಿಸಬೇಕಾಯಿತು ಎಂಬುದು. ಥರ್ಸ್ಟನ್ ಮಕ್ಕಳನ್ನು ನಿಲ್ಲಿಸಿ ಮೂಗಿನ ಉದ್ದಗಲಗಳನ್ನು ಅಳೆದು ಪಟ್ಟಿ ಮಾಡಿದ. ವರ್ಷದ ಕೊನೆಯ ರಾತ್ರಿ ಆ ಮನೆಯಲ್ಲಿ ಏನು ಬೇಯುತ್ತಿತ್ತು, ಅಪ್ಪ ಮೀನಿನ ತಲೆಯನ್ನು ತಟ್ಟೆಯಲ್ಲಿ ಉಳಿಸಿ ಏನೆಂದ, ಮಕ್ಕಳಿಗೆ ಅದು ಅರ್ಥವಾಯಿತೇ ಎಂದು ಕೇಳುವುದು ಅಳತೆಗಾರನ ಕೆಲಸವಾಗಿರಲಿಲ್ಲ. ಅವರಿಗೆ ಶಾಲೆಯಿರಲಿಲ್ಲ, ಗುಡಿಯಿರಲಿಲ್ಲ, ಆ ಭಾಷೆಯ ಅಮ್ಮಂದಿರೂ ಇರಲಿಲ್ಲ. ಗೂಡಲೂರಿನ ಸಂತೆಯಲ್ಲಿ ಈಗಲೂ ಆ ಘಾಟಿಯ ತರಕಾರಿ ಮಾರುತ್ತಾರೆ. ಫೆಬ್ರವರಿಯ ಅಮಾವಾಸ್ಯೆಗೆ ಅಲ್ಲಿ ವಿಶೇಷವೇನೂ ಇಲ್ಲ.

ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗಳಲ್ಲಿ ಒಂದು ಕೋರಿಕೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿ ಇದೆ, ಅದರ ಬಗ್ಗೆ ಈ ಅಂಕಣದಲ್ಲಿ ಮತ್ತೆ ಬರೆಯುವವನಿದ್ದೇನೆ. ಅಡುಗೆಮನೆಗೆ ಯಾವ ವಿಧಿಯೂ ಇಲ್ಲ. ಏಪ್ರಿಲಿನ ವಿಷುವಿಗೆ ಕಣಿ ನೋಡುವಾಗ, ಎಲೆ ಹಾಕುವಾಗ, ಬಡಿಸುವಾಗ ನಿಮ್ಮ ಮನೆಯ ಹಿರಿಯರು ಹೇಳುವ ಮಾತುಗಳನ್ನು, ಅವು ಕನ್ನಡವಿರಲಿ ತುಳುವಿರಲಿ ಹವ್ಯಕವಿರಲಿ ಮರಾಟಿಯಿರಲಿ, ಮಕ್ಕಳ ಕೈಯಲ್ಲಿಯೇ ಕನ್ನಡ ಅಕ್ಷರಗಳಲ್ಲಿ ಬರೆಸಿ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಯಾವ ಊರು, ಯಾವ ತರಗತಿ ಎಂದು ಕೆಳಗೆ ಕಾಣಿಸಿದರೆ ಸಾಕು. ನಮ್ಮ ಮನೆಯದನ್ನು ಬರೆಯುವ ಕೆಲಸ ಮಗನಿಗೆ ವಹಿಸಿದ್ದೇನೆ. ಅಕ್ಕ ಹೇಳಿಕೊಡುತ್ತಿದ್ದಾಳೆ, ಸದ್ಯ ಅವನು 'ಉ' ಮತ್ತು 'ಊ'ಗಳ ನಡುವೆ ಇದ್ದಾನೆ.